ಮನಸ್ಸು ಎಲ್ಲೋ ಹೋಯ್ತು, ಮನಸ್ಸು ಇಲ್ಲೇ ಮುಳುಗಿತು: ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಬರುವವರು ಪಿಯುಸಿ ಮಕ್ಕಳು, ಬ್ಯಾಂಕ್ ಪರೀಕ್ಷೆಗೆ ಓದುವವರು, ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟವರು. ಮಗಳನ್ನು ಬಿಡಲು ಬಂದು ತಾವೂ ಹಿಂದಿನ ಬೆಂಚಿನಲ್ಲಿ ಕೂತುಬಿಡುವ ಒಂದಿಬ್ಬರು ಅಮ್ಮಂದಿರೂ ಇದ್ದಾರೆ. ವ್ಯಾಕರಣದ ಪ್ರಶ್ನೆಗಳಿಗಿಂತ ಜಾಸ್ತಿ ಬರುವುದು ಈ ಜಾತಿಯವು: ಮನಸ್ಸು ಎಲ್ಲೋ ಹೋಗಿತ್ತು ಎನ್ನಲು ಏನು ಹೇಳಬೇಕು? ಮನಸ್ಸು ಒಂದೇ ಕಡೆ ಮುಳುಗಿಹೋದರೆ ಏನು ಹೇಳಬೇಕು?

ಇವಕ್ಕೆ ಇಂಗ್ಲಿಷ್‌ನಲ್ಲಿ ಪದಗಳು ಹತ್ತಾರು ಇವೆ. ನಿಘಂಟು ನೋಡಿದರೆ ಎಲ್ಲದಕ್ಕೂ ‘ತಲ್ಲೀನ’ ಅಥವಾ ‘ಗಮನ ತಪ್ಪಿದ’ ಎಂದೇ ಇರುತ್ತದೆ. ಅಲ್ಲಿಂದ ಮುಂದೆ ದಾರಿ ಇಲ್ಲ. ನಾನು ಕಂಡುಕೊಂಡ ದಾರಿ ಒಂದೇ. ಈ ಪದಗಳ ಹೊಟ್ಟೆಯೊಳಗೆ ಒಂದೊಂದು ಹಳೆಯ ಚಿತ್ರ ಇದೆ. ಯಾರೋ ಎಳೆದರು, ಹೀರಿದರು, ಹೊತ್ತುಕೊಂಡು ಹೋದರು, ಸೀಟು ಹಿಡಿದರು. ಮನಸ್ಸಿಗೆ ಯಾರು ಏನು ಮಾಡಿದರು ಎಂದು ಕಂಡರೆ ಪದವೂ ಸರಿ ಬರುತ್ತದೆ, ಅದರ ಪಕ್ಕದ ಪುಟ್ಟ ‘ಇನ್’, ‘ಬೈ’, ‘ವಿತ್’ ಕೂಡ ಸರಿ ಬರುತ್ತದೆ.

‘ಡಿಸ್ಟರ್ಬ್’ ಮತ್ತು ‘ಡಿಸ್ಟ್ರ್ಯಾಕ್ಟ್’ ಎರಡೂ ಒಂದೇ ಅಲ್ವಾ?

ಅಲ್ಲ. ನಮ್ಮ ಮಾತಿನಲ್ಲಿ ಮಾತ್ರ ಒಂದಾಗಿಬಿಟ್ಟಿವೆ. ಪಕ್ಕದ ಮನೆಯ ಮಿಕ್ಸಿಯ ಸದ್ದಿಗೂ ಡಿಸ್ಟರ್ಬ್, ಓದುವಾಗ ಬಂದ ವಾಟ್ಸ್‌ಆ್ಯಪ್ ಮೆಸೇಜಿಗೂ ಡಿಸ್ಟರ್ಬ್, ಪ್ರೀತಿ ಮುರಿದು ಹೋದರೂ ಡಿಸ್ಟರ್ಬ್.

ಡಿಸ್ಟರ್ಬ್‌ನ ಬೇರು ಲ್ಯಾಟಿನ್‌ನ ‘ಟುರ್ಬಾ’. ಗುಂಪು, ಗಲಾಟೆ ಎಂದು ಅರ್ಥ. ಶಾಂತವಾಗಿ ಇದ್ದದ್ದನ್ನು ಕಲಕುವುದು ಡಿಸ್ಟರ್ಬ್. ಕೆರೆಗೆ ಎಮ್ಮೆ ಇಳಿದ ಹಾಗೆ. ಡಿಸ್ಟ್ರ್ಯಾಕ್ಟ್‌ನ ಬೇರು ‘ಟ್ರಾಹೆರೆ’, ಎಂದರೆ ಎಳೆಯುವುದು. ಗದ್ದೆ ಉಳುವ ಟ್ರ್ಯಾಕ್ಟರ್ ಬಂದದ್ದೂ ಅದೇ ಬೇರಿನಿಂದ. ಮುಂದಿರುವ ‘ಡಿಸ್’ ಎಂದರೆ ಬೇರೆ ಕಡೆಗೆ. ಅಂದರೆ ಮನಸ್ಸಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರ್ ಅದನ್ನು ಆಚೆ ಎಳೆಯುತ್ತಿದೆ. ಅದಕ್ಕೆ ಸದ್ದೇ ಆಗಬೇಕೆಂದಿಲ್ಲ. ಕಿಟಕಿಯಾಚೆ ಬಿಸಿಲಿಗೆ ಸುಮ್ನೆ ಬಿದ್ದುಕೊಂಡ ಬೆಕ್ಕಿನ ಮರಿಯೂ ಡಿಸ್ಟ್ರ್ಯಾಕ್ಟ್ ಮಾಡುತ್ತದೆ. ಅದು ಯಾರನ್ನೂ ಡಿಸ್ಟರ್ಬ್ ಮಾಡಿಲ್ಲ, ಪಾಪ.

ತೊಂದರೆ ಇರುವುದು ‘ಐ ಆ್ಯಮ್ ಡಿಸ್ಟರ್ಬ್ಡ್’ ಎಂಬ ವಾಕ್ಯದಲ್ಲಿ. ಇಂಗ್ಲಿಷ್ ಮನೆಮಾತಿನವರಿಗೆ ಅದು ಮನಸ್ಸು ಕೆಟ್ಟಿದೆ, ಒಳಗೆ ಏನೋ ಸರಿ ಇಲ್ಲ ಎಂದು ಕೇಳಿಸುತ್ತದೆ. ಕಾಲೇಜಿನಲ್ಲಿದ್ದಾಗ ನಾನೇ ಒಂದು ಅರ್ಜಿ ಬರೆದಿದ್ದೆ. ಮನೆ ಹತ್ತಿರ ಎರಡು ರಾತ್ರಿ ಭೂತದ ಕೋಲ ಇತ್ತು, ಮೈಕಿನ ಸದ್ದಿಗೆ ಓದಲು ಆಗಲಿಲ್ಲ. ಅದನ್ನು ‘ಐ ವಾಸ್ ಮೆಂಟಲಿ ಡಿಸ್ಟರ್ಬ್ಡ್’ ಎಂದು ಬರೆದೆ. ಮೇಷ್ಟ್ರು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ‘ಮನೆಯಲ್ಲಿ ಎಲ್ಲ ಹುಷಾರಿದ್ದಾರಲ್ವಾ?’ ಎಂದು ಕೇಳಿದರು. ಕೋಲದ ಮೈಕು ಎಂದೆ. ಅವರು ನಗಲಿಲ್ಲ, ಅರ್ಜಿಯಲ್ಲಿ ‘ಮೆಂಟಲಿ’ ಎಂಬುದನ್ನು ಹೊಡೆದುಹಾಕಿ ಸಹಿ ಹಾಕಿದರು.

ಇನ್ನೊಂದು ಪದ ಇದೆ, ‘ಡಿಸ್ಟ್ರಾಟ್’. ಇದು ಡಿಸ್ಟ್ರ್ಯಾಕ್ಟ್‌ನದೇ ಹಳೆಯ ರೂಪ. ಈಗ ಅರ್ಥ ತುಂಬ ದೂರ ಹೋಗಿದೆ. ಮಗು ಜಾತ್ರೆಯಲ್ಲಿ ತಪ್ಪಿಸಿಕೊಂಡಾಗ ತಾಯಿಯ ಸ್ಥಿತಿ ಡಿಸ್ಟ್ರಾಟ್. ಕ್ಲಾಸಿನಲ್ಲಿ ಗಮನ ತಪ್ಪಿದ್ದಕ್ಕೆ ಅದನ್ನು ಬಳಸಬೇಡಿ.

‘ಮೈಂಡ್ ಔಟ್ ಆಗಿತ್ತು’ ಎನ್ನುವುದನ್ನು ಹೇಗೆ ಹೇಳುವುದು?

‘ಐ ವಾಸ್ ಔಟ್ ಆಫ್ ಮೈ ಮೈಂಡ್’ ಎಂದು ಮಾತ್ರ ಹೇಳಬೇಡಿ. ಹಾಗೆಂದರೆ ‘ನನಗೆ ತಲೆ ಕೆಟ್ಟಿತ್ತು’. ‘ಮೈ ಮೈಂಡ್ ವಾಸ್ ಎಲ್ಸ್‌ವೇರ್’ ಎಂದರೆ ಸರಿ. ಇನ್ನೂ ಸಹಜವಾದದ್ದು ‘ಐ ವಾಸ್ ಮೈಲ್ಸ್ ಅವೇ’. ಎದುರಿಗಿದ್ದವರು ಮಾತಾಡುತ್ತಿದ್ದರು, ನಾನು ಮಾತ್ರ ಮೈಲಿಗಟ್ಟಲೆ ದೂರದಲ್ಲಿದ್ದೆ.

ನನ್ನ ಮಟ್ಟಿಗೆ ಇದು ಅಕ್ಷರಶಃ ನಡೆದಿದೆ. ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಕಟಪಾಡಿಯಲ್ಲಿ ಇಳಿಯಬೇಕಿತ್ತು. ಕಣ್ಣು ಬಿಟ್ಟುಕೊಂಡೇ ಕೂತಿದ್ದೆ, ಮುಲ್ಕಿ ಕಂಡಿತ್ತು, ಪಡುಬಿದ್ರಿ ಕಂಡಿತ್ತು. ಆಮೇಲೆ ನೋಡಿದರೆ ಉದ್ಯಾವರದ ಸೇತುವೆ. ಕಂಡಕ್ಟರ್ ಹೇಳಿದ್ದು ಇಷ್ಟು: ‘ಎಂತ ಮಾರಾಯ್ರೆ, ಕಟಪಾಡಿ ಕಟಪಾಡಿ ಅಂತ ಎಷ್ಟು ಸಲ ಕರೆದದ್ದು. ನಿಮ್ಮ ಧ್ಯಾನ ಎಲ್ಲಿತ್ತು?’ ‘ವೇರ್ ವಾಸ್ ಯುವರ್ ಮೈಂಡ್’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ.

ಮರೆತುಹೋಯ್ತು ಎನ್ನುವುದು ಬೇರೆ. ಅದಕ್ಕೆ ‘ಇಟ್ ಸ್ಲಿಪ್ಡ್ ಮೈ ಮೈಂಡ್’. ‘ಇಟ್ ವೆಂಟ್ ಔಟ್ ಆಫ್ ಮೈ ಮೈಂಡ್’ ಎಂದರೂ ನಡೆಯುತ್ತದೆ. ನೋಡಿ, ವಿಷಯ ತಲೆಯಿಂದ ಹೊರಗೆ ಹೋದರೆ ಮರೆವು. ನೀವೇ ನಿಮ್ಮ ತಲೆಯಿಂದ ಹೊರಗೆ ಹೋದರೆ ಹುಚ್ಚು.

‘ಆ್ಯಬ್ಸೆಂಟ್ ಮೈಂಡೆಡ್’ ಮತ್ತು ‘ಪ್ರಿಆಕ್ಯುಪೈಡ್’ ನಡುವೆ ಏನು ವ್ಯತ್ಯಾಸ?

ಮೊದಲನೆಯದು ಸ್ವಭಾವ, ಎರಡನೆಯದು ಸ್ಥಿತಿ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಜ್ಜ ಆ್ಯಬ್ಸೆಂಟ್ ಮೈಂಡೆಡ್. ಅವರು ನಿನ್ನೆಯೂ ಹಾಗೆ, ನಾಳೆಯೂ ಹಾಗೆ.

ಪ್ರಿಆಕ್ಯುಪೈಡ್ ಎಂದರೆ ಜಾಗ ಮೊದಲೇ ಹಿಡಿದಾಗಿದೆ. ‘ಪ್ರಿ’ ಎಂದರೆ ಮುಂಚೆ, ‘ಆಕ್ಯುಪೈ’ ಎಂದರೆ ವಶಪಡಿಸಿಕೊಳ್ಳುವುದು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸಂಜೆ ಬಸ್ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಒಳಗೆ ಬೀಳುತ್ತದಲ್ಲ, ಅದೇ. ನೀವು ಹತ್ತಿ ನೋಡಿದರೆ ಸೀಟು ಖಾಲಿ ಕಾಣುತ್ತದೆ, ಆದರೆ ಕೂರುವ ಹಾಗಿಲ್ಲ. ಪ್ರಿಆಕ್ಯುಪೈಡ್ ಆದವರ ಮುಖವೂ ಹಾಗೆಯೇ. ಖಾಲಿ ಕಾಣುತ್ತದೆ, ಒಳಗೆ ಸಾಲದ ಕಂತೋ ಮಗಳ ಮದುವೆಯೋ ಕರ್ಚೀಫ್ ಹಾಕಿ ಕೂತಿರುತ್ತದೆ.

ನಮ್ಮ ಕರಾವಳಿಯಲ್ಲಿ ‘ಮಂಡೆಬಿಸಿ’ ಎನ್ನುತ್ತೇವಲ್ಲ, ಅದು ಇದಕ್ಕೆ ತುಂಬ ಹತ್ತಿರ. ಆದರೆ ಮಂಡೆಬಿಸಿಯಲ್ಲಿ ಸ್ವಲ್ಪ ಸಿಟ್ಟೂ ಬೆರೆತಿರುತ್ತದೆ. ಪ್ರಿಆಕ್ಯುಪೈಡ್‌ನಲ್ಲಿ ಸಿಟ್ಟು ಇರಬೇಕಿಲ್ಲ.

‘ಇನ್‌ಅಟೆಂಟಿವ್’ ಎಂಬುದು ಮೇಷ್ಟ್ರ ಪದ. ಪ್ರೋಗ್ರೆಸ್ ಕಾರ್ಡಿನಲ್ಲಿ ಬರೆಯುವುದು. ಅದರಲ್ಲಿ ಬೈಗುಳ ಇದೆ, ಕಾರಣ ಇಲ್ಲ.

‘ಅಬ್ಸಾರ್ಬ್ಡ್’, ‘ಎನ್‌ಗ್ರೋಸ್ಡ್’, ‘ಇಮರ್ಸ್ಡ್’: ಮೂರಕ್ಕೂ ತಲ್ಲೀನ ಎಂದೇ ಇದೆ. ಯಾವುದನ್ನು ಎಲ್ಲಿ ಬಳಸುವುದು?

ಇದು ನನಗೆ ಇಷ್ಟದ ಪ್ರಶ್ನೆ, ಆದ್ದರಿಂದ ಉತ್ತರ ಉದ್ದ.

ಅಬ್ಸಾರ್ಬ್ ಎಂದರೆ ಹೀರುವುದು. ಕೋರಿ ರೊಟ್ಟಿ ನೆನಪಿಸಿಕೊಳ್ಳಿ. ಗರಿಗರಿ ರೊಟ್ಟಿಯ ಮೇಲೆ ಬಿಸಿ ಕೋಳಿ ಗಸಿ ಸುರಿದು ಎರಡು ನಿಮಿಷ ಬಿಟ್ಟರೆ ಗಸಿ ಎಲ್ಲಿ ಹೋಯಿತು? ರೊಟ್ಟಿ ಹೀರಿತು. ‘ಶಿ ವಾಸ್ ಅಬ್ಸಾರ್ಬ್ಡ್ ಇನ್ ದ ಬುಕ್’ ಎನ್ನುವಾಗ ಪುಸ್ತಕ ರೊಟ್ಟಿ, ಅವಳು ಗಸಿ. ಹೆಚ್ಚಿನವರು ಇದನ್ನು ತಿರುಗಿಸಿ ಕಲ್ಪಿಸಿಕೊಳ್ಳುತ್ತಾರೆ. ಅವಳೇ ಪುಸ್ತಕವನ್ನು ಹೀರಿದಳು ಎನ್ನಬೇಕಾದರೆ ವಾಕ್ಯ ಬೇರೆ: ‘ಶಿ ಅಬ್ಸಾರ್ಬ್ಡ್ ದ ಲೆಸನ್’. ಆಗ ಅವಳು ರೊಟ್ಟಿ. ಪಾಠ ತಲೆಗೆ ಹೋಯಿತು ಎಂದು ಅರ್ಥ.

ಎನ್‌ಗ್ರೋಸ್ ಎಂಬುದು ಅಪ್ಪಟ ವ್ಯಾಪಾರದ ಪದ. ಫ್ರೆಂಚ್‌ನಲ್ಲಿ ‘ಆನ್ ಗ್ರೋ’ ಎಂದರೆ ಸಗಟಾಗಿ. ಹಳೆಯ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದ ಧಾನ್ಯವನ್ನೆಲ್ಲ ಒಬ್ಬನೇ ಕೊಂಡು, ಬೆಲೆ ಏರಿಸಿ ಮಾರುವುದಕ್ಕೆ ಎನ್‌ಗ್ರೋಸಿಂಗ್ ಎನ್ನುತ್ತಿದ್ದರು. ಅದು ಅಪರಾಧವಾಗಿತ್ತು. ಆ ಕಾನೂನನ್ನು ತೆಗೆದುಹಾಕಿದ್ದು 1844ರಲ್ಲಿ. ನಾವು ದಿನಸಿ ಅಂಗಡಿಗೆ ‘ಗ್ರೋಸರಿ’ ಎನ್ನುವುದೂ ಇದೇ ಕುಟುಂಬದ ಪದ. ಮೊದಲು ಗ್ರೋಸರ್ ಎಂದರೆ ಸಗಟು ವ್ಯಾಪಾರಿ. ಮಂಗಳೂರಿನ ಬಂದರಿನ ಓಣಿಗಳಲ್ಲಿ ಮೂಟೆ ಮೂಟೆ ಇಟ್ಟುಕೊಂಡು ಕೂತವರಿದ್ದಾರಲ್ಲ, ಅಂಥವರು. ಅಲ್ಲಿ ಯಾರೋ ಒಬ್ಬರು ಬಂದು ಇವತ್ತಿನ ಒಣಮೆಣಸೆಲ್ಲ ನನಗೇ ಎಂದರೆ ಉಳಿದವರಿಗೆ ಒಂದು ಕಿಲೋ ಕೂಡ ಸಿಗುವುದಿಲ್ಲ. ಹಾಗೆ ನಿಮ್ಮ ಗಮನದ ದಾಸ್ತಾನನ್ನು ಒಂದು ಧಾರಾವಾಹಿಯೋ ಚೆಸ್ ಆಟವೋ ಪೂರ್ತಿ ಕೊಂಡುಬಿಟ್ಟರೆ ನೀವು ಎನ್‌ಗ್ರೋಸ್ಡ್. ಊಟಕ್ಕೆ ಕರೆದವರಿಗೆ ಕೊಡಲು ಏನೂ ಉಳಿದಿಲ್ಲ.

ಇಮರ್ಸ್ಡ್ ಎಂದರೆ ಮುಳುಗಿದ. ಚೌತಿಯ ಗಣಪತಿಯನ್ನು ನೀರಿಗೆ ಬಿಡುವುದಕ್ಕೆ ಇಂಗ್ಲಿಷ್ ಪತ್ರಿಕೆಗಳು ‘ಇಮರ್ಶನ್’ ಎಂದು ಬರೆಯುವುದನ್ನು ನೋಡಿರುತ್ತೀರಿ. ಇದರ ವಿಶೇಷ ಏನೆಂದರೆ ನೀವೇ ಬೇಕೆಂದು ಇಳಿಯಬಹುದು. ‘ಹಿ ಇಮರ್ಸ್ಡ್ ಹಿಮ್‌ಸೆಲ್ಫ್ ಇನ್ ಯಕ್ಷಗಾನ’ ಎಂದರೆ ಅವನಾಗಿಯೇ ಧುಮುಕಿದ, ತಿಂಗಳುಗಟ್ಟಲೆ ಅದರಲ್ಲೇ ಇದ್ದ. ಒಂದು ಸಂಜೆಯ ಮಾತಿಗೆ ಅಬ್ಸಾರ್ಬ್ಡ್ ಸಾಕು. ವರ್ಷಗಟ್ಟಲೆ ಒಂದು ಕಲೆಯಲ್ಲೋ ಭಾಷೆಯಲ್ಲೋ ಇದ್ದುದಕ್ಕೆ ಇಮರ್ಸ್ಡ್ ಚೆನ್ನ.

ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಬೇಡಿ. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಸಿಗುತ್ತದೆ ಎಂದು ಕೆಲವರು ಹಾಕುತ್ತಾರೆ.

‘ರ‍್ಯಾಪ್ಟ್ ಅಟೆನ್ಶನ್’ ಸರಿಯೋ ‘ವ್ರ್ಯಾಪ್ಡ್ ಅಟೆನ್ಶನ್’ ಸರಿಯೋ?

ಮೊದಲನೆಯದು. ಕಿವಿಗೆ ಎರಡೂ ಒಂದೇ, ಆದ್ದರಿಂದ ಇಂಗ್ಲಿಷರೇ ತಪ್ಪು ಬರೆಯುತ್ತಾರೆ. ನಾವು ಬರೆದರೆ ದೊಡ್ಡ ಅವಮಾನವೇನಲ್ಲ.

ರ‍್ಯಾಪ್ಟ್ ಬಂದದ್ದು ಲ್ಯಾಟಿನ್‌ನ ‘ರಾಪೆರೆ’ಯಿಂದ. ಹಿಡಿದು ಎತ್ತಿಕೊಂಡು ಹೋಗುವುದು. ಗಿಡುಗ, ಹದ್ದುಗಳ ಜಾತಿಗೆ ‘ರ‍್ಯಾಪ್ಟರ್’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಮಲ್ಪೆ ಬಂದರಿನಲ್ಲಿ ಬುಟ್ಟಿಯಿಂದ ಮೀನು ಎಗರಿಸುವ ಗರುಡನನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಕಣ್ಣು ಮಿಟುಕಿಸುವಷ್ಟರಲ್ಲಿ ಮೀನು ಮೇಲೆ.

ಯಕ್ಷಗಾನ ಬಯಲಾಟದಲ್ಲಿ ಇದು ನಡೆಯುವುದನ್ನು ಕಾಣಬಹುದು. ರಾತ್ರಿ ಎರಡರ ಹೊತ್ತಿಗೆ ಮುಂದಿನ ಸಾಲಿನ ಅರ್ಧ ಜನ ತೂಕಡಿಸುತ್ತಿರುತ್ತಾರೆ. ಒಬ್ಬರು ಕಡಲೆ ಸುಲಿಯುತ್ತಿರುತ್ತಾರೆ. ಅಷ್ಟರಲ್ಲಿ ಭಾಗವತರು ದನಿ ಏರಿಸುತ್ತಾರೆ, ಚೆಂಡೆಯ ಪೆಟ್ಟು ಬೀಳುತ್ತದೆ, ಬಣ್ಣದ ವೇಷ ರಂಗಕ್ಕೆ ನುಗ್ಗುತ್ತದೆ. ಕಡಲೆ ಬಾಯಿಯ ಹತ್ತಿರ ಅಲ್ಲೇ ನಿಲ್ಲುತ್ತದೆ. ಆ ಕ್ಷಣ ರ‍್ಯಾಪ್ಟ್. ಈಗ ಮಧ್ಯರಾತ್ರಿಗೇ ಮುಗಿಯುವ ಕಾಲಮಿತಿ ಆಟಗಳು ಜಾಸ್ತಿಯಾಗಿವೆ. ತೂಕಡಿಸಲು ಪುರುಸೊತ್ತೇ ಸಿಗುವುದಿಲ್ಲ, ಹಾಗಾಗಿ ಎಚ್ಚರಾಗುವ ಸುಖವೂ ಇಲ್ಲ. ಇದು ನನ್ನ ಗೊಣಗಾಟ, ಇಂಗ್ಲಿಷ್‌ಗೆ ಸಂಬಂಧ ಇಲ್ಲ.

‘ವ್ರ್ಯಾಪ್ಡ್ ಅಪ್ ಇನ್’ ಎಂಬುದು ಬೇರೆಯೇ. ಹೊದ್ದುಕೊಂಡ ಹಾಗೆ ತನ್ನ ಕೆಲಸದಲ್ಲೋ ಚಿಂತೆಯಲ್ಲೋ ಸುತ್ತಿಕೊಂಡವನು. ‘ಹಿ ಈಸ್ ವ್ರ್ಯಾಪ್ಡ್ ಅಪ್ ಇನ್ ಹಿಮ್‌ಸೆಲ್ಫ್’ ಎಂದರೆ ಹೊಗಳಿಕೆ ಅಲ್ಲ.

ಇಂಗ್ಲಿಷ್‌ನಲ್ಲಿ ಇಷ್ಟಪಟ್ಟು ನೋಡುವುದಕ್ಕೂ ಇಷ್ಟೊಂದು ಒರಟು ಪದಗಳು ಯಾಕೆ?

ಹಿಂದಿನ ಬೆಂಚಿನ ಅಮ್ಮ ಒಬ್ಬರು ಕೇಳಿದ ಪ್ರಶ್ನೆ. ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಅವರ ಮಾತು ನಿಜ. ‘ಕ್ಯಾಪ್ಟಿವೇಟೆಡ್’ ಎಂದರೆ ಸೆರೆಸಿಕ್ಕಿದ. ‘ಎನ್‌ಥ್ರಾಲ್ಡ್’ ಎಂದರೆ ಗುಲಾಮನಾದ; ಉತ್ತರದ ವೈಕಿಂಗರ ಹಳೆಯ ನಾರ್ಸ್ ಭಾಷೆಯಲ್ಲಿ ‘ಥ್ರಾಲ್’ ಎಂದರೆ ಗುಲಾಮ. ‘ಸ್ಪೆಲ್‌ಬೌಂಡ್’ ಎಂದರೆ ಮಂತ್ರದಿಂದ ಕಟ್ಟಿಹಾಕಿದ. ‘ರಿವೆಟೆಡ್’ ಎಂದರೆ ಕಡಾಯಿಯ ಹಿಡಿಗೆ ಹೊಡೆದ ಹಾಗೆ ಮೊಳೆ ಹೊಡೆದು ಕೂರಿಸಿದ. ‘ಅಬ್ಸೆಸ್ಡ್’ ಎಂದರೆ ಶತ್ರು ಕೋಟೆಯ ಎದುರು ಬಿಡಾರ ಹೂಡಿ ಕೂತಿದ್ದಾನೆ. ‘ಅಡಿಕ್ಟೆಡ್’ ಇನ್ನೂ ಘೋರ. ಪ್ರಾಚೀನ ರೋಮ್‌ನಲ್ಲಿ ಸಾಲ ತೀರಿಸಲಾಗದವನನ್ನು ಸಾಲ ಕೊಟ್ಟವನ ವಶಕ್ಕೆ ಒಪ್ಪಿಸುತ್ತಿದ್ದರು. ಅವನ ಹೆಸರು ‘ಅಡಿಕ್ಟಸ್’. ಮೊಬೈಲ್ ಗೇಮಿಗೆ ದುಡ್ಡು ಸುರಿದವರ ವಿಷಯದಲ್ಲಿ ಪದ ಮತ್ತೆ ಮೂಲ ಅರ್ಥಕ್ಕೇ ಬಂದು ನಿಂತಿದೆ.

‘ಫ್ಯಾಸಿನೇಟೆಡ್’ ಎಂದರೆ ದೃಷ್ಟಿ ತಾಗಿದ. ಲ್ಯಾಟಿನ್‌ನ ‘ಫಾಸಿನಾರೆ’ಗೆ ಮಾಟ ಮಾಡುವುದು, ಕೆಟ್ಟ ಕಣ್ಣು ಹಾಕುವುದು ಎಂಬ ಅರ್ಥ. ರೋಮನ್ನರೂ ಮಕ್ಕಳಿಗೆ ದೃಷ್ಟಿ ಆಗದಿರಲಿ ಎಂದು ತಾಯಿತ ಕಟ್ಟುತ್ತಿದ್ದರು. ನಾವು ಕಪ್ಪು ಬೊಟ್ಟು ಇಡುತ್ತೇವೆ, ಅಷ್ಟೇ ವ್ಯತ್ಯಾಸ.

‘ಮೆಸ್ಮರೈಸ್ಡ್’ ಮಾತ್ರ ಒಬ್ಬ ಮನುಷ್ಯನ ಹೆಸರು. ಫ್ರಾಂಜ್ ಆಂಟನ್ ಮೆಸ್ಮರ್, 1734ರಿಂದ 1815ರವರೆಗೆ ಬದುಕಿದ್ದ ಜರ್ಮನ್ ವೈದ್ಯ. ದೇಹದೊಳಗೆ ಒಂದು ಬಗೆಯ ಅಯಸ್ಕಾಂತದ ದ್ರವ ಹರಿಯುತ್ತದೆ, ಅದನ್ನು ಸರಿಪಡಿಸಿದರೆ ರೋಗ ಹೋಗುತ್ತದೆ ಎನ್ನುತ್ತಿದ್ದ. ಪ್ಯಾರಿಸ್‌ನ ಶ್ರೀಮಂತರು ಅವನ ಮುಂದೆ ಮೈಮರೆತು ಕೂರುತ್ತಿದ್ದರು. 1784ರಲ್ಲಿ ಫ್ರಾನ್ಸಿನ ರಾಜ ಒಂದು ತನಿಖಾ ಸಮಿತಿ ಮಾಡಿದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನ ವಿಜ್ಞಾನಿ ಲಾವಾಸಿಯೆ ಅದರಲ್ಲಿದ್ದರು. ದ್ರವ ಗಿವ ಏನೂ ಇಲ್ಲ, ಎಲ್ಲ ಕಲ್ಪನೆಯ ಆಟ ಎಂದು ವರದಿ ಬಂತು. ಅವನ ಸಿದ್ಧಾಂತ ಹೋಯಿತು, ಹೆಸರು ಉಳಿಯಿತು.

ಈಗ ನಮ್ಮ ಪದಗಳನ್ನು ನೋಡಿ. ತಲ್ಲೀನ ಎಂದರೆ ಅದರಲ್ಲಿ ಕರಗಿದವನು. ಮಗ್ನ ಎಂದರೆ ಮುಳುಗಿದವನು. ತನ್ಮಯ ಎಂದರೆ ಅದೇ ಆಗಿಹೋದವನು. ಮೈಮರೆತ ಎಂದರೆ ಮೈಯೇ ನೆನಪಿಲ್ಲದವನು. ಯಾರೂ ಯಾರನ್ನೂ ಹಿಡಿದಿಲ್ಲ, ಕಟ್ಟಿಲ್ಲ. ಹಾಗಂತ ನಾವೇನೂ ಸಾಧುಗಳಲ್ಲ. ಹುಚ್ಚು ಹಿಡಿಯುವುದು, ಗರ ಬಡಿಯುವುದು, ಮೋಡಿ ಹಾಕುವುದು ನಮ್ಮಲ್ಲೂ ಇವೆ. ಆದರೆ ಒಳ್ಳೆಯ ಸಂಗೀತ ಕೇಳಿ ಹೊರಬಂದವರು ‘ತನ್ಮಯನಾದೆ’ ಎನ್ನುತ್ತಾರೆ. ಇಂಗ್ಲಿಷಿನವರು ಅದೇ ಬಾಗಿಲಿನಿಂದ ‘ಎನ್‌ಥ್ರಾಲ್ಡ್’ ಆಗಿ ಬರುತ್ತಾರೆ. ಕನ್ನಡದಿಂದ ಯೋಚಿಸುವವರು ಇಂಗ್ಲಿಷ್ ಕರ್ಮಣಿ ಪ್ರಯೋಗದಲ್ಲಿ ತಡವರಿಸುವುದು ಇದಕ್ಕೇ. ನಾವು ‘ಆದೆ’ ಎನ್ನುವ ಕಡೆ ಅವರು ‘ಮಾಡಲ್ಪಟ್ಟೆ’ ಎನ್ನುತ್ತಾರೆ.

‘ಇನ್’, ‘ಬೈ’, ‘ವಿತ್’, ‘ಟು’ ಯಾವುದು ಎಲ್ಲಿ ಎಂದು ನೆನಪಿಡುವುದು ಹೇಗೆ?

ಚಿತ್ರದಿಂದ. ಒಳಗೆ ಹೋಗುವ ಚಿತ್ರ ಇದ್ದರೆ ‘ಇನ್’: ಅಬ್ಸಾರ್ಬ್ಡ್ ಇನ್, ಎನ್‌ಗ್ರೋಸ್ಡ್ ಇನ್, ಇಮರ್ಸ್ಡ್ ಇನ್, ಲಾಸ್ಟ್ ಇನ್ ಥಾಟ್. ಯಾರೋ ನಿಮ್ಮನ್ನು ಏನೋ ಮಾಡಿದರೆ ‘ಬೈ’: ಕ್ಯಾಪ್ಟಿವೇಟೆಡ್ ಬೈ, ಮೆಸ್ಮರೈಸ್ಡ್ ಬೈ. ಅಂಟುವುದಕ್ಕೆ ‘ಟು’: ಗ್ಲೂಡ್ ಟು ದ ಟಿವಿ, ಅಡಿಕ್ಟೆಡ್ ಟು. ‘ಅಡಿಕ್ಟೆಡ್ ವಿತ್’ ತಪ್ಪು. ತಲೆಯೊಳಗೆ ಜೊತೆಗೇ ಕೂತಿರುವುದಕ್ಕೆ ‘ವಿತ್’: ಪ್ರಿಆಕ್ಯುಪೈಡ್ ವಿತ್, ಅಬ್ಸೆಸ್ಡ್ ವಿತ್. ಗುರಿ ಇಡುವುದಕ್ಕೆ ‘ಆನ್’: ಕಾನ್ಸನ್ಟ್ರೇಟ್ ಆನ್, ಫೋಕಸ್ ಆನ್. ‘ಕಾನ್ಸನ್ಟ್ರೇಟ್ ಇನ್ ಸ್ಟಡೀಸ್’ ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ನಾವು ಓದಿನ ‘ಮೇಲೆ’ ಗಮನ ಇಡುತ್ತೇವೆ ಅಲ್ವಾ? ಇಲ್ಲಿ ಕನ್ನಡವೇ ಸರಿ ದಾರಿ ತೋರಿಸುತ್ತದೆ.

ಕನ್ನಡ ಕೈಕೊಡುವುದು ಡಿಸ್ಟ್ರ್ಯಾಕ್ಟ್‌ನಲ್ಲಿ. ‘ಸದ್ದಿನಿಂದ ಗಮನ ತಪ್ಪಿತು’, ‘ಓದಿನಿಂದ ಗಮನ ತಪ್ಪಿತು’. ಎರಡು ಕಡೆಯೂ ‘ಇಂದ’. ಆದರೆ ಸದ್ದು ಟ್ರ್ಯಾಕ್ಟರ್, ಓದು ಗದ್ದೆ. ಟ್ರ್ಯಾಕ್ಟರಿಗೆ ‘ಬೈ’, ಬಿಟ್ಟುಬಂದ ಗದ್ದೆಗೆ ‘ಫ್ರಮ್’. ‘ಐ ವಾಸ್ ಡಿಸ್ಟ್ರ್ಯಾಕ್ಟೆಡ್ ಫ್ರಮ್ ಮೈ ಸ್ಟಡೀಸ್ ಬೈ ದ ನಾಯ್ಸ್’. ‘ಫ್ರಮ್ ದ ನಾಯ್ಸ್’ ಎಂದರೆ ನೀವು ಸದ್ದನ್ನೇ ಮನಸ್ಸಿಟ್ಟು ಕೇಳುತ್ತಿದ್ದಿರಿ, ಬೇರೇನೋ ಬಂದು ಅದನ್ನು ತಪ್ಪಿಸಿತು ಎಂದಾಗುತ್ತದೆ.

‘ಐ ಆ್ಯಮ್ ವೆರಿ ಡಿಸ್ಟ್ರ್ಯಾಕ್ಟಿಂಗ್’ ಎಂದರೆ ತಪ್ಪಾ?

ವ್ಯಾಕರಣ ಸರಿ, ಅರ್ಥ ಬೇರೆ. ನೀವು ಇತರರ ಗಮನ ಕೆಡಿಸುತ್ತೀರಿ ಎಂದು ಅರ್ಥ. ಅದು ನಿಜವೂ ಇರಬಹುದು. ಕೊನೆಯಲ್ಲಿ ‘ಇಂಗ್’ ಇದ್ದರೆ ಮಾಡುವವರು, ‘ಎಡ್’ ಇದ್ದರೆ ಅನುಭವಿಸುವವರು.

ಫೋನಿನಲ್ಲಿ ‘ಹಿ ಈಸ್ ಎನ್‌ಗೇಜ್ಡ್’ ಎಂದರೆ ಏನು ತಿಳಿಯುವುದು?

ಮಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ವಿದ್ಯಾರ್ಥಿನಿಗೆ ಆದ ಫಜೀತಿ ಇದು. ‘ಸರ್ ಈಸ್ ಎನ್‌ಗೇಜ್ಡ್’ ಎಂದಳು. ಆ ಕಡೆಯವರು ‘ಕಂಗ್ರಾಜುಲೇಶನ್ಸ್’ ಎಂದರು. ‘ಗೇಜ್’ ಎಂದರೆ ಹಳೆಯ ಫ್ರೆಂಚ್‌ನಲ್ಲಿ ಅಡವು, ಮಾತು ಕೊಟ್ಟದ್ದಕ್ಕೆ ಗುರುತು. ಮದುವೆ ನಿಶ್ಚಯಕ್ಕೂ ಅದೇ, ಕೆಲಸದಲ್ಲಿ ಸಿಕ್ಕಿಕೊಂಡದ್ದಕ್ಕೂ ಅದೇ. ‘ಎನ್‌ಗೇಜ್ಡ್ ಟು’ ಎಂದರೆ ಮದುವೆ, ‘ಎನ್‌ಗೇಜ್ಡ್ ಇನ್’ ಎಂದರೆ ಕೆಲಸ. ಎರಡೂ ಬೇಡ ಎಂದಾದರೆ ‘ಹಿ ಈಸ್ ಇನ್ ಎ ಮೀಟಿಂಗ್’.

ಹಗಲುಗನಸಿಗೆ ‘ವುಲ್‌ಗ್ಯಾದರಿಂಗ್’ ಎಂದು ಓದಿದೆ. ಉಣ್ಣೆಗೂ ಕನಸಿಗೂ ಏನು ಸಂಬಂಧ?

ಇಂಗ್ಲೆಂಡಿನಲ್ಲಿ ಕುರಿಗಳು ಬೇಲಿಗೆ ಮೈ ಉಜ್ಜಿದಾಗ ಉಣ್ಣೆಯ ಎಳೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು. ಬಡವರು ಅಲ್ಲಿಂದಿಲ್ಲಿಗೆ ಅಲೆದು ಅದನ್ನು ಆಯುತ್ತಿದ್ದರು. ದಿನವಿಡೀ ಅಲೆದರೂ ಸಿಗುವುದು ಒಂದು ಹಿಡಿ. 16ನೇ ಶತಮಾನದಿಂದ ಅಲೆಯುವ ಮನಸ್ಸಿಗೆ ಈ ಹೆಸರು. ನಮ್ಮಲ್ಲಿ ಕುರಿ ಇಲ್ಲ, ಮಳೆಗಾಲ ಕಳೆದ ಮೇಲೆ ಗುಡ್ಡದಲ್ಲಿ ದರಗು, ಅಂದರೆ ಒಣ ಎಲೆ, ಗುಡಿಸಲು ಹೋಗಿ ಹೊತ್ತು ಕಳೆದು ಬರುವವರು ಇದ್ದಾರೆ.

ಓದಲು ಚೆಂದ, ಮಾತಿನಲ್ಲಿ ಈಗ ಹಳೆಯದು. ‘ಡೇಡ್ರೀಮಿಂಗ್’ ಸಾಕು. ಕನಸೂ ಇಲ್ಲದೆ ಕಣ್ಣು ಮಾತ್ರ ತೆರೆದಿದ್ದರೆ ‘ಝೋನ್ಡ್ ಔಟ್’. ಆನ್‌ಲೈನ್ ಮೀಟಿಂಗುಗಳಿಂದಾಗಿ ಈ ಪದ ಎಲ್ಲರಿಗೂ ಅನುಭವಕ್ಕೆ ಬಂದಿದೆ.

‘ಇನ್ ದ ಫ್ಲೋ’, ‘ಇನ್ ದ ಝೋನ್’ ಎಂದರೆ? ಝೋನ್ಡ್ ಔಟ್‌ಗೆ ವಿರುದ್ಧವಾ?

ಹೌದು, ಸುಮಾರಾಗಿ. ‘ಇನ್ ದ ಝೋನ್’ ಆಟಗಾರರ ಮಾತು. ‘ಫ್ಲೋ’ ಎಂಬುದಕ್ಕೆ ಈ ಅರ್ಥ ಕೊಟ್ಟವರು ಹಂಗೆರಿ ಮೂಲದ ಅಮೆರಿಕನ್ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. 1970ರ ದಶಕದಲ್ಲಿ ಅವರು ಚಿತ್ರಕಾರರು, ಬೆಟ್ಟ ಹತ್ತುವವರು, ಚೆಸ್ ಆಡುವವರನ್ನೆಲ್ಲ ಮಾತಾಡಿಸಿದರು. ನೀರಿನ ಸೆಳೆತ ತೇಲಿಸಿಕೊಂಡು ಹೋದ ಹಾಗೆ ಇರುತ್ತದೆ ಎಂದು ಹಲವರು ಹೇಳಿದ್ದರಿಂದ ಆ ಹೆಸರು. ಅವರು ಹೇಳುವ ಮುಖ್ಯ ಗುಟ್ಟು: ಕೆಲಸ ತೀರ ಸುಲಭವಾದರೆ ಬೇಜಾರು, ತೀರ ಕಷ್ಟವಾದರೆ ಹೆದರಿಕೆ, ಎರಡರ ನಡುವೆ ಕೈಗೆ ಸರಿಯಾಗಿ ಹೊಂದುವಷ್ಟು ಕಷ್ಟ ಇದ್ದರೆ ಫ್ಲೋ.

ಶಂಕರಪುರದ ಕಡೆ ಬೆಳಿಗ್ಗೆ ಮಲ್ಲಿಗೆ ಕಟ್ಟುವವರನ್ನು ನೋಡಿ. ಮೊಗ್ಗು ಅರಳುವ ಮೊದಲು, ಗಾಡಿ ಬರುವ ಮೊದಲು ಮುಗಿಯಬೇಕು. ಬಾಳೆನಾರು, ಮೊಗ್ಗು, ಗಂಟು. ಕಟ್ಟಿದ ಹೂವಿನ ಲೆಕ್ಕ ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆರಳು ನೋಡಲು ಹೋದರೆ ನಮ್ಮ ಕಣ್ಣೇ ಹಿಂದೆ ಬೀಳುತ್ತದೆ. ‘ಎಷ್ಟು ಹೊತ್ತಾಯ್ತು?’ ಎಂದರೆ ಅವರಿಗೆ ಗೊತ್ತಿರುವುದಿಲ್ಲ. ಹೊತ್ತು ಹೋದದ್ದು ಗೊತ್ತಾಗದಿರುವುದು ಫ್ಲೋ ಗುರುತುಗಳಲ್ಲಿ ಒಂದು. ಅವರನ್ನು ಕೇಳಿದರೆ ‘ಕೈ ಹಿಡಿದಿದೆ’ ಎಂದಾರು, ಅಷ್ಟೇ.

ಮೊಬೈಲಿನಿಂದ ಹುಟ್ಟಿದ ಪದಗಳು ಯಾವುವು?

ಎರಡು ಗೊತ್ತಿದ್ದರೆ ಸಾಕು. ಎದುರಿಗೆ ಮನುಷ್ಯ ಇದ್ದರೂ ಫೋನು ನೋಡುತ್ತಾ ಅವರನ್ನು ಕಡೆಗಣಿಸುವುದು ‘ಫಬ್ಬಿಂಗ್’. ಇದು ತಾನಾಗಿ ಹುಟ್ಟಿದ್ದಲ್ಲ; 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ನಿಘಂಟಿನ ಪ್ರಚಾರಕ್ಕಾಗಿ ಕೂತು ಮಾಡಿದ ಪದ. ಕೆಟ್ಟ ಸುದ್ದಿಗಳನ್ನೇ ಬೆರಳಿನಿಂದ ಸರಿಸುತ್ತ ಸರಿಸುತ್ತ ರಾತ್ರಿ ಕಳೆಯುವುದು ‘ಡೂಮ್‌ಸ್ಕ್ರೋಲಿಂಗ್’. 2020ರ ಲಾಕ್‌ಡೌನ್ ಹೊತ್ತಿಗೆ ಎಲ್ಲರ ಬಾಯಿಗೆ ಬಂತು.

‘ಫೋಕಸ್’ಗೂ ಇಂಥ ಚಿತ್ರ ಇದೆಯಾ?

ಇದೆ. ಲ್ಯಾಟಿನ್‌ನಲ್ಲಿ ಫೋಕಸ್ ಎಂದರೆ ಒಲೆ, ಮನೆಯೊಳಗೆ ಬೆಂಕಿ ಇರುವ ಜಾಗ. ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ಅದನ್ನು ಗಣಿತದ ಪದವಾಗಿ ಬಳಸಿದ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದರೆ ಕಾಗದ ಸುಡುವ ಬಿಂದು ಇದೆಯಲ್ಲ, ಅದನ್ನು ಯೋಚಿಸಿಯೇ ಇಟ್ಟಿರಬೇಕು. ಫೋಕಸ್ ಇಲ್ಲ ಎಂದು ಬೈಸಿಕೊಂಡ ಮಕ್ಕಳಿಗೆ ಈ ಕತೆ ಹೇಳಿದರೆ ಖುಷಿಪಡುತ್ತಾರೆ. ಬಚ್ಚಲಿನ ಒಲೆಯ ಮುಂದೆ ಕೂತವರು ಬೇರೆ ಕಡೆ ನೋಡುವುದಿಲ್ಲ, ನಿಜ.

‘ಪೇ ಅಟೆನ್ಶನ್’ ಎನ್ನುತ್ತಾರೆ. ‘ಗಿವ್ ಅಟೆನ್ಶನ್’ ತಪ್ಪಾ?

ತಪ್ಪಲ್ಲ. ‘ಗಿವ್ ಇಟ್ ಯುವರ್ ಫುಲ್ ಅಟೆನ್ಶನ್’ ಎನ್ನಬಹುದು. ಆದರೆ ‘ಇಲ್ಲಿ ಗಮನ ಕೊಡಿ’ ಎಂದು ಹೇಳುವಾಗ ‘ಪೇ’. ಗಮನ ಅವರಿಗೆ ದುಡ್ಡು, ಎಣಿಸಿ ಕೊಡುತ್ತಾರೆ. ನಾವು ಗಮನ ‘ಹರಿಸುತ್ತೇವೆ’, ತೋಟಕ್ಕೆ ನೀರು ಬಿಟ್ಟ ಹಾಗೆ.

ಓದಲು ಮನಸ್ಸು ನಿಲ್ಲದಿದ್ದರೆ ‘ಐ ಹ್ಯಾವ್ ಎಡಿಎಚ್‌ಡಿ’ ಎನ್ನಬಹುದಾ?

ತಮಾಷೆಗೆ ಬೇಡ. ಅದು ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆಗೆ ವೈದ್ಯರು ಪರೀಕ್ಷಿಸಿ ಹೇಳುವ ಹೆಸರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ‘ಅಟೆನ್ಶನ್ ಡೆಫಿಸಿಟ್ ಡಿಸಾರ್ಡರ್’ ಎಂದು ಬಂತು, 1987ರಲ್ಲಿ ಈಗಿನ ಹೆಸರಾಯಿತು. ಇದು ಇರುವವರು ಕೆಲವೊಮ್ಮೆ ಇಷ್ಟದ ವಿಷಯದಲ್ಲಿ ಗಂಟೆಗಟ್ಟಲೆ ಮುಳುಗಿಬಿಡುತ್ತಾರೆ, ಅದಕ್ಕೆ ‘ಹೈಪರ್‌ಫೋಕಸ್’ ಎನ್ನುತ್ತಾರೆ. ಹಾಗಾಗಿ ‘ಗೇಮ್ ಆಡುವಾಗ ಮಾತ್ರ ಕೂರುತ್ತಾನಲ್ಲ’ ಎಂದು ಮಗುವಿಗೆ ಬೈಯುವ ಮೊದಲು ಒಮ್ಮೆ ವೈದ್ಯರನ್ನು ಕೇಳಿ. ಸುಮ್ನೆ ಮನಸ್ಸು ನಿಲ್ಲದ ದಿನಕ್ಕೆ ‘ಐ ಕಾಂಟ್ ಕಾನ್ಸನ್ಟ್ರೇಟ್ ಟುಡೇ’ ಸಾಕು.

‘ಗುಂಗು’ ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಒಂದೇ ಪದ ಇದೆಯಾ?

ಒಂದೇ ಪದ ಸಿಗಲಿಲ್ಲ. ‘ಮದುವೆಯ ಗುಂಗಿನಲ್ಲಿದ್ದಾಳೆ’ ಎನ್ನುವಾಗ ಪ್ರಿಆಕ್ಯುಪೈಡ್ ತೀರ ಒಣ, ಅಬ್ಸೆಸ್ಡ್ ತೀರ ಖಾರ. ‘ಹರ್ ಹೆಡ್ ಈಸ್ ಫುಲ್ ಆಫ್ ದ ವೆಡಿಂಗ್’ ಎಂದು ಉದ್ದ ಮಾಡಿ ಹೇಳಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಕಾಲದಿಂದಲೂ ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬರೆಯುವವರ ಪಾಡು ಇದೇ ಇದ್ದೀತು.

ಹಾಡಿನ ಗುಂಗಿಗೆ ಮಾತ್ರ ಪದ ಇದೆ: ‘ಇಯರ್‌ವರ್ಮ್’. ಕಿವಿಹುಳ. ಜರ್ಮನ್‌ನ ‘ಓರ್‌ವುರ್ಮ್’ ಎಂಬುದರ ನೇರ ಅನುವಾದ. ಆಟ ನೋಡಿ ಬಂದ ಮರುದಿನ ಇಡೀ ಕ್ಲಾಸಿನಲ್ಲಿ ಒಬ್ಬ ಹುಡುಗ ಬೆಂಚಿನ ಮೇಲೆ ಬೆರಳಿನಿಂದ ಚೆಂಡೆ ಬಾರಿಸುತ್ತಿದ್ದ. ನಿಲ್ಲಿಸು ಎಂದೆ. ‘ನಾನು ಬಾರಿಸ್ತಿಲ್ಲ ಮಿಸ್, ಅದೇ ಬರ್ತಾ ಇದೆ’ ಎಂದ. ಆಮೇಲೆ ಪಾಠ ಮಾಡುತ್ತಾ ಮಾಡುತ್ತಾ ನೋಡಿದರೆ, ಚಾಕ್‌ಪೀಸ್ ಹಿಡಿದ ನನ್ನ ಕೈಯೂ ಅದೇ ತಾಳ ಹಾಕುತ್ತಿತ್ತು.